ಆಗದಿದ್ದರೂ ಆಯಿತು

ವಿಶಾಖಾ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದಳು. ಆದರೂ ಆ ಕಡೆಯ ಹೆಂಗಸಿನ ಒಂದೊಂದು ಬೈಗುಳವೂ ಪಕ್ಕದ ಮೇಜಿನವರಿಗೆ ಕೇಳುತ್ತಿತ್ತು.

"ಗಾಡಿ ಹೊಂಟೈತಿ ಅಂತ ಹೇಳಿದವರು ನೀವ ಹೌದಲ್ಲ? ಎಲ್ಲಿಗೆ ಹೊಂಟಿತ್ತು ಬೇ ನಿಮ್ಮ ಗಾಡಿ? ಮಸಣಕ್ಕ ಹೊಂಟಿತ್ತೇನು?"

ಬೈಯುತ್ತಿದ್ದವಳು ಬಿಜ್ಜರಗಿಯ ಗುರುಸಿದ್ದವ್ವ. ಹಿಂದಿನ ದಿನ ಮಧ್ಯಾಹ್ನ ಅವಳ ಆಡು ಈಯಲಾರದೆ ಒದ್ದಾಡಿತ್ತು. ಆಕೆ ಮೊಬೈಲಿನಲ್ಲಿ ಪಶುಪಾಲಕರ ಸಂಘದ ವೆಬ್‌ಸೈಟ್ ತೆರೆದು, ಪಶುವೈದ್ಯರ ಗಾಡಿ ಬೇಕೆಂದು ಗುಂಡಿ ಒತ್ತಿದ್ದಳು. ಪರದೆಯ ಮೇಲೆ ದೊಡ್ಡದೊಂದು ಹಸಿರು ಗುರುತು ಮೂಡಿತ್ತು: 'ನಿಮ್ಮ ಕೋರಿಕೆ ತಲುಪಿದೆ. ವಾಹನ ಹೊರಡುತ್ತಿದೆ.' ಗಾಡಿ ಬರಲೇ ಇಲ್ಲ. ಆಡೂ ಸತ್ತಿತು, ಹೊಟ್ಟೆಯಲ್ಲಿದ್ದ ಮರಿಯೂ ಸತ್ತಿತು.

ಸಂಘದ ಕಚೇರಿ ಇದ್ದದ್ದು ಬಬಲೇಶ್ವರದಲ್ಲಿ. ಆ ವೆಬ್‌ಸೈಟ್ ಮಾಡಿಕೊಟ್ಟು ನೋಡಿಕೊಳ್ಳುತ್ತಿದ್ದದ್ದು ವಿಜಯಪುರದ ಒಂದು ಸಣ್ಣ ಕಂಪನಿ. ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ, ಸಗಟು ಬಟ್ಟೆ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಅದು ನಡೆಯುತ್ತಿತ್ತು. ಪುಟದ ಕೊನೆಗೆ ಸಹಾಯಕ್ಕೆಂದು ಕೊಟ್ಟಿದ್ದ ನಂಬರು ಈ ಕಂಪನಿಯದು. ಹಾಗಾಗಿ ಬೈಗುಳವೆಲ್ಲ ವಿಶಾಖಾಳ ಪಾಲಿಗೆ ಬಂದಿತ್ತು.

"ಅವ್ವಾರ, ನಾ ಈಗ ನೋಡ್ತೀನ್ರಿ, ಏನಾಗೈತಿ ಅಂತ..."

"ಇನ್ನೇನ್ ನೋಡ್ತಿ? ಹೂಳಿ ಬಂದೀನಿ ನಾ!"

ಫೋನು ಕಟ್ಟಾಯಿತು.

ಒಳಕೋಣೆಯಿಂದ ಸಿದ್ದರಾಮ ಹೊರಬಂದ. ಕಂಪನಿಯ ಮಾಲೀಕ ಅವನೇ. ಮದುವೆ ಮಂಟಪ, ಚಿನ್ನದಂಗಡಿ, ಕೋಚಿಂಗ್ ಕ್ಲಾಸುಗಳಿಗೆ ವೆಬ್‌ಸೈಟ್ ಮಾಡಿಕೊಡುತ್ತ ಮೇಲೆ ಬಂದವನು. ಮಾತಿನಲ್ಲಿ ಗಟ್ಟಿಗ. ಸಂಘದ ಕೆಲಸ ಹಿಡಿದವನು ಅವನು, ಅದರ ಮೊದಲ ಕೋಡ್ ಬರೆದವನೂ ಅವನೇ. ವಿಶಾಖಾ ಸೇರಿದ್ದು ಆಮೇಲೆ.

"ಆಕಿ ಏನರ ತಪ್ಪ ತುಂಬಿರಬೇಕು ತಗೋ," ಎಂದ ಸಿದ್ದರಾಮ. "ಹಳ್ಳಿ ಮಂದಿಗೆ ಫಾರಂ ತುಂಬಾಕ ಬರೂದಿಲ್ಲ."

ವಿಶಾಖಾ ಲ್ಯಾಪ್‌ಟಾಪ್ ಎಳೆದುಕೊಂಡಳು. ಕೋಡ್ ತೆರೆದು ಕೂತಳು.

ಆ ಕೋಡ್ ಬಗ್ಗೆ ಅವಳು ಮೊದಲಿನಿಂದಲೂ ಹೇಳುತ್ತ ಬಂದಿದ್ದಳು. ಒಂದೇ ಕೆಲಸವನ್ನು ಐದಾರು ಕಡೆ ನಕಲು ಮಾಡಿ ಅಂಟಿಸಿದ್ದರು. ಒಂದು ಕಡೆ ತಿದ್ದಿದರೆ ಉಳಿದ ಕಡೆ ಹಳೆಯದೇ ಉಳಿಯುತ್ತಿತ್ತು. ಫೈಲುಗಳ ಹೆಸರು 'ಹೊಸದು', 'ಹೊಸದು ಎರಡು', 'ಕೊನೆಯದು', 'ಇದೇ ಕೊನೆಯದು'. ತಿರುಗಿ ಸ್ವಚ್ಛವಾಗಿ ಬರೆಯಬೇಕೆಂದು ಕೇಳಿದಾಗಲೆಲ್ಲ ಸಿದ್ದರಾಮನದು ಒಂದೇ ಮಾತು: "ಓಡಾಕತ್ತೈತಿ ಅಲ್ಲ? ಓಡೂದನ್ನ ಯಾಕ ಮುಟ್ಟತಿ?"

ಈಗ ಅವಳು ಗುರುಸಿದ್ದವ್ವ ಒತ್ತಿದ ಗುಂಡಿಯಿಂದ ಹೊರಟು ಒಂದೊಂದೇ ಸಾಲನ್ನು ಹಿಂಬಾಲಿಸಿದಳು. ಜನ ಊರು ಆರಿಸುವ ಪಟ್ಟಿಯಲ್ಲಿ ಬಿಜ್ಜರಗಿಯ ಇಂಗ್ಲಿಷ್ ಕಾಗುಣಿತ ಒಂದು ಥರ. ಡ್ರೈವರಿಗೆ ಕೆಲಸ ಹಂಚುವ ಕಡೆ ನಡುವಿನ 'ಎ' ಅಕ್ಷರವೇ ಇಲ್ಲ. ಎರಡು ಹೆಸರು ಹೊಂದದೆ ಕೋರಿಕೆ ಅಲ್ಲಿಯೇ ಮುರಿದು ಬಿದ್ದಿತ್ತು. ಇದು ತಪ್ಪು, ಆದರೆ ಯಾರಿಂದಲೂ ಆಗಬಹುದಾದ ತಪ್ಪು. ಅವಳ ಕೈ ನಿಂತದ್ದು ಅದರ ಕೆಳಗಿನ ಸಾಲುಗಳಲ್ಲಿ.

ಕೆಲಸ ಮುರಿದರೆ ಏನು ಮಾಡಬೇಕು ಎಂದು ಬರೆಯಲು ಕೋಡಿನಲ್ಲಿ ಒಂದು ಜಾಗವಿರುತ್ತದೆ. ಯಾರಿಗೆ ತಿಳಿಸಬೇಕು, ಎಲ್ಲಿ ದಾಖಲಿಸಬೇಕು, ಬಳಸುವವರಿಗೆ ಏನು ಹೇಳಬೇಕು, ಎಲ್ಲ ಅಲ್ಲಿ ಬರಬೇಕು. ಇಲ್ಲಿ ಆ ಜಾಗದಲ್ಲಿ ಎರಡು ಆವರಣ ಚಿಹ್ನೆಗಳಿದ್ದವು. ನಡುವೆ ಏನೂ ಇರಲಿಲ್ಲ. ಅದರ ಮುಂದಿನ ಸಾಲಿನಲ್ಲಿ, ಕೆಲಸ ಆದರೂ ಆಗದಿದ್ದರೂ ಒಂದೇ ಎಂಬಂತೆ, ಹಸಿರು ಗುರುತು ತೋರಿಸುವ ಆಜ್ಞೆ.

ವಿಶಾಖಾಳ ಕಿವಿ ಬಿಸಿಯಾಯಿತು. ಲ್ಯಾಪ್‌ಟಾಪನ್ನು ಎತ್ತಿಕೊಂಡೇ ಒಳಕೋಣೆಗೆ ಹೋದಳು.

"ಸರ್, ಇದನ್ನ ಯಾರು ಬರದಾರ್ರಿ?"

ಸಿದ್ದರಾಮ ಕನ್ನಡಕ ಏರಿಸಿ ನೋಡಿದ. "ನಾನ ಬರದೀನಿ. ಯಾಕ?"

"ಕೋರಿಕೆ ಮುರದ್ರೂ ಹಸರು ತೋರ್ಸತೈತ್ರಿ ಇದು."

"ಹೌದು. ಡೆಮೋ ದಿನ ಸಂಘದವರು ಎಲ್ಲಾರೂ ಮುಂದ ಕೂತಿದ್ರು. ಕೆಂಪಗ ಎರರ್ ಬಂತಂದ್ರ ಮಾನ ಉಳೀತಿತ್ತೇನು? ಅದಕ್ಕ ಮುಚ್ಚೀನಿ."

"ಡೆಮೋ ಮುಗದ ಮ್ಯಾಲರ ತಗೀಬೇಕಿತ್ತಲ್ರಿ!"

"ಮರತೀನಿ ಮಾರಾಯ್ತಿ. ಮುಂದ ಯಾರೂ ಕಂಪ್ಲೇಂಟ್ ಮಾಡ್ಲಿಲ್ಲ."

"ಕಂಪ್ಲೇಂಟ್ ಹೆಂಗ ಬರ್ತಾವ್ರಿ? ಎಲ್ಲಾರಿಗೂ ಆತು ಆತು ಅಂತ ಹೇಳಾಕತ್ತೈತಿ ಇದು!"

ಸಿದ್ದರಾಮ ದನಿ ಇಳಿಸಿದ. ಗುರುವಾರ ಬಬಲೇಶ್ವರದಲ್ಲಿ ಸಂಘದವರ ಸಭೆ ಇತ್ತು. ಮುಂದಿನ ವರ್ಷದ ಕೆಲಸ ಇವರಿಗೇ ಕೊಡಬೇಕೋ ಬೇಡವೋ ಎಂದು ಅಲ್ಲಿ ತೀರ್ಮಾನವಾಗಬೇಕು. "ನೀ ಬಿಜ್ಜರಗಿಗೆ ಹೋಗು. ಆ ಹೆಣಮಗಳಿಗೆ ಸಮಾಧಾನ ಹೇಳು. 'ನನ್ನ ಕೈಲೆ ತಪ್ಪ ಒತ್ತಾತು' ಅಂತ ಆಕಿ ಬಾಯಿಂದ ಒಂದು ಮಾತು ಬರ್ಲಿ, ಮೊಬೈಲಿನಾಗ ಹಿಡಕೊಂಡು ಬಾ. ಬಾಕಿದ್ದು ನಾ ನೋಡ್ಕೋತೀನಿ."

ವಿಶಾಖಾ ಹೋಗಲು ಒಪ್ಪಿದಳು. ಆ ವಿಡಿಯೋಗಾಗಿ ಅಲ್ಲ. ಆ ಹೆಂಗಸಿನ ಮುಂದೆ ನಿಲ್ಲದೆ ತನಗೆ ಊಟ ಸೇರುವುದಿಲ್ಲ ಎಂದು ಅವಳಿಗೆ ಅನಿಸಿತ್ತು.

ಮರುದಿನ ಹೊರಟಳು, ತಿಕೋಟಾದವರೆಗೆ ಬಸ್ಸು. ಅಲ್ಲಿಂದ ಮುಂದೆ ಟಂಟಂ ಆಟೋದಲ್ಲಿ ಗೊಬ್ಬರದ ಚೀಲಗಳ ಪಕ್ಕ ಕೂತು ಹೋದಳು. ರಸ್ತೆಯ ಎರಡೂ ಬದಿಗೆ ದ್ರಾಕ್ಷಿ ತೋಟಗಳು, ನಡುನಡುವೆ ಬರಿ ಎರೆಮಣ್ಣಿನ ಹೊಲ. ಬಿಜ್ಜರಗಿ ಮುಟ್ಟುವ ಹೊತ್ತಿಗೆ ಸಿದ್ದರಾಮನಿಗೆ ಹೇಳಬೇಕಾದ ಹತ್ತಾರು ಮಾತು ಅವಳ ಬಾಯಿಗೆ ಬಂದು ಹೋಗಿದ್ದವು.

ಗುರುಸಿದ್ದವ್ವನಿಗೆ ಐವತ್ತರ ಆಸುಪಾಸು. ಹಟ್ಟಿಯ ಮುಂದೆ ಉಳಿದ ಆಡುಗಳಿಗೆ ಸೊಪ್ಪು ಕಟ್ಟುತ್ತಿದ್ದಳು. ಗಾಡಿಯ ವಿಷಯಕ್ಕೆ ಬಂದವಳೆಂದು ಗೊತ್ತಾದ ಮೇಲೂ ಕೈ ನಿಲ್ಲಿಸಲಿಲ್ಲ.

"ಸಂಘದಾಕಿ ಏನು?"

"ಅಲ್ರಿ. ಅದನ್ನ ಮಾಡೋ ಕಂಪನಿಯಾಕಿ. ನಿನ್ನಿ ಫೋನಿನಾಗ ಮಾತಾಡಿದಾಕಿ ನಾನ."

"ಮತ್ತ್ಯಾಕ ಬಂದಿ? ನಂದ ತಪ್ಪ ಅಂತ ಹೇಳಾಕ?"

ವಿಶಾಖಾಳ ಮುಖ ಕೆಂಪಾಯಿತು. "ಹಂಗ ಹೇಳ್ಸಿಕೊಂಡು ಬಾ ಅಂತನ ಕಳಸ್ಯಾರ್ರಿ. ಖರೇ ತಪ್ಪ ನಮ್ದು. ನೀವು ಎಲ್ಲಾ ಬರೋಬರಿ ತುಂಬೀರಿ. ನಮ್ಮ ಪುಟ ಸುಳ್ಳು ಹೇಳೇತಿ."

ಗುರುಸಿದ್ದವ್ವ ಸೊಪ್ಪಿನ ಹೊರೆಯನ್ನು ನೆಲಕ್ಕೆ ಒಗೆದಳು.

"ಯವ್ವಾ, ಗಾಡಿ ಇಲ್ಲ ಅಂತ ಹೇಳಿದ್ರ ನಾ ಏನರ ಅಂತಿದ್ನೇನು? ಗಾಡಿ ಕೆಡತಾವ, ಡಾಕ್ಟರು ರಜಾ ಮ್ಯಾಲ ಹೋಗ್ತಾರ, ನನಗ ತಿಳೀತೈತಿ. ಇಲ್ಲ ಅಂದಿದ್ರ ಹಿಂದಿನ ಮನಿ ಟಂಟಂನಾಗ ಹಾಕ್ಕೊಂಡು ತಿಕೋಟಾ ದವಾಖಾನಿಗೆ ಹೋಗ್ತಿದ್ದೆ. ಟಂಟಂ ಇಲ್ಲೇ ಬಾಗಲಾಗ ನಿಂತಿತ್ತು. ನಾ ಬ್ಯಾಡ ಅಂದೆ! ಬರಾಕತ್ತೈತಿ ಅಂತ ಹಸರು ಬಂದೈತಿ, ಅಂದೆ. ಅದರ ತಲಿ ಹಿಡಕೊಂಡು ದಾರಿ ನೋಡ್ಕೋತ ಕೂತೆ." ಅವಳ ದನಿ ಒಡೆಯಿತು. ಮರುಕ್ಷಣ ಮತ್ತೆ ಏರಿತು. "ನೀವು ಬರಲಿಲ್ಲ ಅಂತ ಅಲ್ಲ ಬೇ ನನಗ ಸಿಟ್ಟು. ಬರ್ತೀವಿ ಅಂದ್ರಿ, ಅದಕ್ಕ!"

ವಿಶಾಖಾ ಕೈ ಮುಗಿದಳು. ಕ್ಷಮಿಸಿ ಎಂದಳು. ಗುರುಸಿದ್ದವ್ವ ಅದನ್ನು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿದರೂ ಬೇಡವೆಂದುಕೊಂಡಳು. ಸೊಪ್ಪು ಆರಿಸಲು ಬಗ್ಗಿದಳು. ಒಂದು ಚೊಂಬು ನೀರನ್ನೂ ಕೊಡಲಿಲ್ಲ. ಕೊಡದಿದ್ದದ್ದೇ ಸರಿ ಎಂದುಕೊಂಡು ವಿಶಾಖಾ ಹಿಂದಿರುಗಿದಳು.

ವಿಜಯಪುರಕ್ಕೆ ಮರಳಿದವಳು ಇಬ್ರಾಹಿಂಪುರದ ತನ್ನ ಮನೆಗೆ ಹೋಗಲಿಲ್ಲ, ನೇರ ಆಫೀಸಿಗೆ ಬಂದಳು. ಇಡೀ ಕೋಡನ್ನು ಸರಿಪಡಿಸಲು ವಾರಗಳು ಬೇಕು. ಸುಳ್ಳನ್ನು ನಿಲ್ಲಿಸಲು ಅಷ್ಟು ಹೊತ್ತು ಬೇಕಿರಲಿಲ್ಲ. ಬಿಜ್ಜರಗಿಯ ಕಾಗುಣಿತವನ್ನು ಮೊದಲು ತಿದ್ದಿದಳು. ಆಮೇಲೆ ಆ ಖಾಲಿ ಜಾಗದಲ್ಲಿ ಬರೆಯಬೇಕಾದದ್ದನ್ನು ಬರೆದಳು. ಇನ್ನು ಮೇಲೆ ಕೋರಿಕೆ ಮುರಿದರೆ ಅದು ದಾಖಲಾಗುತ್ತದೆ, ಆಫೀಸಿಗೂ ಸಂದೇಶ ಬರುತ್ತದೆ, ಪರದೆಯ ಮೇಲೆ ಕೆಂಪಕ್ಷರ ಮೂಡುತ್ತದೆ: 'ನಿಮ್ಮ ಕೋರಿಕೆ ತಲುಪಿಲ್ಲ. ವಾಹನ ಬರುವುದಿಲ್ಲ. ಕಾಯಬೇಡಿ, ಈ ನಂಬರಿಗೆ ಫೋನ್ ಮಾಡಿ.' ಕೆಳಗೆ ವಾಹನದ ಡ್ರೈವರ್ ಶಂಕ್ರೆಪ್ಪನ ನಂಬರು. ಶಂಕ್ರೆಪ್ಪನನ್ನು ಕೇಳಿಯೇ ಹಾಕಿದಳು. ಸಿದ್ದರಾಮನನ್ನು ಕೇಳಲಿಲ್ಲ.

ಮರುದಿನ ಬೆಳಿಗ್ಗೆಯಿಂದಲೇ ಕೆಂಪು ಶುರುವಾಯಿತು. ಬಿಜ್ಜರಗಿಯೊಂದೇ ಅಲ್ಲ, ಇನ್ನೂ ಎಷ್ಟೋ ಊರುಗಳ ಹೆಸರು ಹೊಂದುತ್ತಿರಲಿಲ್ಲ. ಬಬಲೇಶ್ವರವನ್ನೇ ಕೋಡಿನಲ್ಲಿ ಮೂರು ಥರ ಬರೆದಿದ್ದರು. ಆಫೀಸಿನ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಸಿದ್ದರಾಮ ಮೆಟ್ಟಿಲು ಹತ್ತಿ ಬಂದವನೇ ಮೇಜಿಗೆ ಗುದ್ದಿದ.

"ಯಾರನ್ನ ಕೇಳಿ ಮಾಡಿದಿ? ಸಭಾ ಮುಂದ ಇಟ್ಕೊಂಡು ನನ್ನ ಮನಿ ಮುರಿಯಾಕ ನಿಂತೀ ಏನು? ಈಗಿಂದೀಗ ತಗಿ!"

"ತಗ್ಯಾಂಗಿಲ್ರಿ."

"ಏನಂದಿ?"

"ತಗ್ಯಾಂಗಿಲ್ಲ ಅಂದೆ. ನೀವ ತಗೀರಿ. ಪಾಸ್‌ವರ್ಡ್ ನಿಮ್ಮ ಹತ್ರಾನೂ ಐತಿ. ಆದ್ರ ತಗದ್ರ, ನಾ ಗುರುವಾರ ಸಭಾದಾಗ ಎಲ್ಲಾರ ಮುಂದ ಅದನ್ನ ಹೇಳ್ತೀನಿ."

ಸಿದ್ದರಾಮ ಅವಳನ್ನು ಕೆಲಸದಿಂದ ತೆಗೆಯುತ್ತೇನೆಂದ. ಅವಳಂಥವರನ್ನು ಕರೆದು ಕೆಲಸ ಕೊಟ್ಟದ್ದೇ ತಪ್ಪಾಯಿತೆಂದ. 'ನಿಮ್ಮಂಥವರು' ಎಂದರೆ ಏನು ಎಂದು ಅವಳಿಗೆ ಗೊತ್ತಿತ್ತು. ಶಾಲೆಯ ದಿನಗಳಿಂದಲೂ ಕೇಳಿದ ಜಾತಿಯ ಮಾತು. ಅವಳು ಎದ್ದು ನಿಂತಳು.

"ನಮ್ಮಂಥವರು ಅಂದ್ರ ಯಾರ್ರಿ ಸರ್? ಪೂರ್ತಿ ಹೇಳ್ರಿ. ಎಲ್ಲಾರೂ ಕೇಳಾಕತ್ತಾರ."

ಆಫೀಸಿನಲ್ಲಿ ಟೈಪ್ ಮಾಡುವ ಸದ್ದೆಲ್ಲ ನಿಂತಿತು. ಸಿದ್ದರಾಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕೆಂಪಕ್ಷರವನ್ನು ಮಾತ್ರ ತೆಗೆಯಲಿಲ್ಲ.

ಗುರುವಾರ ಇಬ್ಬರೂ ಒಂದೇ ಕಾರಿನಲ್ಲಿ ಬಬಲೇಶ್ವರಕ್ಕೆ ಹೋದರು. ಸಂಘದ ಕಾರ್ಯದರ್ಶಿ ಗುರುಪಾದಯ್ಯ ಪಶು ಆಹಾರದ ವ್ಯಾಪಾರಿ. ಅವನು ಆಗಲೇ ಮೊಬೈಲು ಹಿಡಿದು ಕಾಯುತ್ತಿದ್ದ.

"ಸಿದ್ದರಾಮ, ಏನಪಾ ಇದು? ಹೋದ ವಾರ ತನಕ ಎಲ್ಲಾ ಹಸರು ಬರತಿತ್ತು. ಈಗ ನೋಡಿದ್ರ ಊರೂರಿಗೆ ಕೆಂಪು. ಕೆಡಸೀರಿ ನೀವು!"

"ಹುಡುಗಿ ಹೊಸದಾಗಿ ಏನೋ ಮಾಡಾಕ ಹೋಗ್ಯಾಳ್ರಿ," ಎಂದ ಸಿದ್ದರಾಮ. "ಎರಡು ದಿನದಾಗ ಮೊದಲಿನಂಗ ಮಾಡಿಕೊಡ್ತೀನ್ರಿ."

ವಿಶಾಖಾ ಕುರ್ಚಿಯಿಂದ ಎದ್ದಳು.

"ಮೊದಲೂ ಕೆಟ್ಟ ಇತ್ತರಿ. ಈಗ ಕೆಟ್ಟೈತಿ ಅಂತ ಹೇಳಾಕತ್ತೈತಿ, ಅಷ್ಟ ಫರಕು. ಮೊದಲ ಗಾಡಿಗೆ ಸುದ್ದಿ ಮುಟ್ಟಲಿಲ್ಲಂದ್ರೂ ಬರಾಕತ್ತೈತಿ ಅಂತ ಹೇಳತಿತ್ತು. ಬಿಜ್ಜರಗಿಯಾಗ ಒಬ್ಬಾಕಿ ಅದನ್ನ ನಂಬಿ ಕೂತು ಆಡು ಕಳಕೊಂಡಾಳ."

ಗುರುಪಾದಯ್ಯ ಸಿದ್ದರಾಮನ ಮುಖ ನೋಡಿದ. ಸಿದ್ದರಾಮ ಮೇಜು ನೋಡಿದ.

"ಇಂಥಾವು ಎಷ್ಟು ಆಗ್ಯಾವು?" ಎಂದು ಗುರುಪಾದಯ್ಯ ಕೇಳಿದ.

"ಗೊತ್ತಿಲ್ರಿ."

"ಗೊತ್ತಿಲ್ಲ ಅಂದ್ರ?"

"ಎಲ್ಲೂ ಬರದಿಟ್ಟಿಲ್ರಿ. ಮುರದಿದ್ದನ್ನ ಬರದಿಡೂ ಜಾಗಾದಾಗ ಏನೂ ಬರದಿಲ್ಲ. ಎಷ್ಟು ಮಂದಿ ಬಾಗಲಾಗ ಕಾದಾರ, ಯಾರ ದನ ಸತ್ತಾವು, ಇನ್ನ ಯಾವತ್ತೂ ಗೊತ್ತಾಗಾಂಗಿಲ್ಲ. ಗುರುಸಿದ್ದವ್ವ ಫೋನ್ ಮಾಡಿ ಬೈದಳು, ಗೊತ್ತಾತು. ಬೈಲಾರದವರದು ಗೊತ್ತಾಗಿಲ್ಲ."

ಗುರುಪಾದಯ್ಯ ಮೊಬೈಲನ್ನು ಮೇಜಿನ ಮೇಲಿಟ್ಟ. ಆಮೇಲೆ ಅವನಿಗೆ ಸಿಟ್ಟು ಬಂತು. ಸಿದ್ದರಾಮನ ಮೇಲಷ್ಟೇ ಅಲ್ಲ, ವಿಶಾಖಾಳ ಮೇಲೂ. "ನೀ ಅಲ್ಲೇ ಇದ್ದಿ ಅಲ್ಲ? ಇಷ್ಟ ದಿನ ಏನ್ ನೋಡಿದಿ?" ಎಂದ. ಅದಕ್ಕೆ ಅವಳ ಬಳಿ ಉತ್ತರವಿತ್ತು, ತಿರುಗಿ ಬರೆಯೋಣವೆಂದು ತಾನು ಕೇಳಿದ್ದು, ಮಾಲೀಕ ಬೇಡವೆಂದದ್ದು. ಆದರೆ ಕೇಳುವುದನ್ನು ಇನ್ನೂ ಜೋರಾಗಿ ಕೇಳಬಹುದಿತ್ತು ಅನಿಸಿ ಅದನ್ನು ಹೇಳದೆ ನಿಂತಳು.

ಕೊನೆಗೆ ಹೀಗಾಯಿತು: ಕೋಡು ಸರಿಯಾಗುವವರೆಗೆ ಜನ ನೇರ ಶಂಕ್ರೆಪ್ಪನಿಗೆ ಫೋನ್ ಮಾಡಬೇಕು. ಮುಂದಿನ ವರ್ಷದ ಕೆಲಸದ ಮಾತು ಆಮೇಲೆ. ಸತ್ತ ಆಡಿನ ಬದಲು ಗುರುಸಿದ್ದವ್ವನಿಗೆ ಕಂಪನಿಯೇ ಒಂದು ಗಬ್ಬದ ಆಡು ಕೊಡಿಸಬೇಕು. ಸಿದ್ದರಾಮ ಎಲ್ಲದಕ್ಕೂ ತಲೆಯಾಡಿಸಿದ.

ಮರಳಿ ಬರುವಾಗ ಕಾರಿನಲ್ಲಿ ಅವನೇ ಮೊದಲು ಬಾಯಿ ಬಿಟ್ಟ. "ನೀ ಬಿಟ್ಟ ಹೋಗ್ತಿ ಏನು?"

"ಇಲ್ರಿ. ಅದನ್ನ ಪೂರಾ ತಿರುಗಿ ಬರೀತೀನಿ. ಆದ್ರ ನೀವು ನನ್ನ ಬಾಜೂ ಕೂಡಬೇಕು. ನೀವು ಬರದ ಒಂದೊಂದು ಸಾಲು ಓದಿ, ಇದು ಯಾಕೈತಿ ಅಂತ ಹೇಳಬೇಕು. ಹೇಳಾಕ ಬರಲಿಲ್ಲಂದ್ರ ಅಳಸಿ ಹಾಕ್ತೀನಿ."

ಅವನು ಕೂತ. ಮೊದಲ ದಿನ ಹಲ್ಲು ಕಡಿಯುತ್ತ ಕೂತ. ತಾನೇ ಬರೆದದ್ದು ತನಗೇ ತಿಳಿಯದೆ ಎಷ್ಟೋ ಕಡೆ ತಡವರಿಸಿದ. "ಇದು... ಇದನ್ನ ಯಾಕ ಹಾಕೀನಿ?" ಎಂದು ತನ್ನನ್ನೇ ಕೇಳಿಕೊಂಡ. ವಿಶಾಖಾ ಕನಿಕರ ತೋರಿಸಲಿಲ್ಲ, ಅಳಿಸಿದಳು. ಊರುಗಳ ಹೆಸರೆಲ್ಲ ಒಂದೇ ಕಡೆ ಬಂದವು, ಉಳಿದ ಕೋಡೆಲ್ಲ ಅಲ್ಲಿಂದಲೇ ತೆಗೆದುಕೊಳ್ಳುವಂತಾಯಿತು. ಐದಾರು ನಕಲುಗಳು ಹೋಗಿ ಒಂದೊಂದು ಕೆಲಸಕ್ಕೆ ಒಂದೊಂದೇ ತುಣುಕು ಉಳಿಯಿತು. ಯಾರು ಓದಿದರೂ ತಿಳಿಯುವಂಥ ಹೆಸರುಗಳನ್ನು ಅವಳು ಅವಕ್ಕೆ ಇಟ್ಟಳು. ಮಾಡುವುದು ಎಷ್ಟು ಸುಲಭವೆಂದು ಕಂಡಷ್ಟೂ ಅವಳ ಸಿಟ್ಟು ಹೆಚ್ಚಿತು. ಇಷ್ಟೇ ಇತ್ತು. ಇಷ್ಟನ್ನು ಮೊದಲೇ ಮಾಡಬಹುದಿತ್ತು.

ಆಡು ಕೊಡಲು ಸಿದ್ದರಾಮ ತಾನೇ ಬಿಜ್ಜರಗಿಗೆ ಹೋಗಿಬಂದ. ಗುರುಸಿದ್ದವ್ವ ಏನೆಂದಳೆಂದು ಯಾರಿಗೂ ಹೇಳಲಿಲ್ಲ. ಆ ದಿನ ಮಧ್ಯಾಹ್ನದ ಊಟದ ಡಬ್ಬಿಯನ್ನೂ ತೆರೆಯಲಿಲ್ಲ.

ಹೊಸ ಕೋಡ್ ಚಾಲೂ ಆದ ವಾರ, ಸಿದ್ದರಾಮ ವಿಶಾಖಾಳಿಗೆ ಒಂದು ಕೋಚಿಂಗ್ ಕ್ಲಾಸಿನ ವೆಬ್‌ಸೈಟ್ ಒಪ್ಪಿಸಿದ. ಸಣ್ಣದೊಂದು ತಿದ್ದುಪಡಿ, ಪರೀಕ್ಷೆಗೆ ಹೆಸರು ನೋಂದಾಯಿಸುವ ಪುಟ. ಅವಳು ಫೈಲು ತೆರೆದು ಕೆಳಗೆ ಸರಿಸುತ್ತ ಹೋದಳು. ಒಂದು ಕಡೆ ಬೆರಳು ನಿಂತಿತು. ಎರಡು ಆವರಣ, ನಡುವೆ ಏನೂ ಇಲ್ಲ. ಕೆಳಗೆ, 'ನಿಮ್ಮ ನೋಂದಣಿ ಯಶಸ್ವಿಯಾಗಿದೆ.'

"ಸರ್!" ಎಂದು ಅವಳು ಕೂಗಿದ್ದು ಕೆಳಗಿನ ಬಟ್ಟೆ ಅಂಗಡಿಯವರಿಗೂ ಕೇಳಿಸಿತು. "ಇನ್ನ ಎಷ್ಟ ಕಡೆ ಬರದೀರ್ರಿ ಇದನ್ನ?"

ಒಳಕೋಣೆಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಆಮೇಲೆ ಸಿದ್ದರಾಮನ ಸಣ್ಣ ದನಿ ಬಂತು.

"ಗೊತ್ತಿಲ್ಲ."