ಒಂಬತ್ತನೇ ಅಧ್ಯಾಯದ ದಪ್ಪ ಹಾಳೆ

೧

ಎಲ್ಲಿಂದ ಶುರು ಮಾಡಲಿ? 'ಒಂದಾನೊಂದು ಕಾಲದಲ್ಲಿ' ಎಂದರೆ ನೀವು ನಂಬುವುದಿಲ್ಲ. ನಂಬಲೂಬಾರದು. ನಾನು ಗೋಕಾಕದಲ್ಲಿ ಮನೆ ಮಾಡಿಕೊಂಡು ದಿನಾ ಮೂಡಲಗಿಯ ಹೈಸ್ಕೂಲಿಗೆ ಬಸ್ಸಿನಲ್ಲಿ ಓಡಾಡುವ ಕನ್ನಡ ಮಾಸ್ತರ, ಲಕ್ಷ್ಮಣ. ಮಾಸ್ತರ ಬರೆದ ಕಥೆ ಎಂದ ಮೇಲೆ ಕೊನೆಯಲ್ಲಿ ನೀತಿ ಇರುತ್ತದೆ ಎಂಬ ಸಂಶಯ ನಿಮಗೆ ಬಂದಿರಬೇಕು. ನನಗೂ ಬಂದಿದೆ.

(ಮೊದಲ ಡ್ರಾಫ್ಟು ಘಟಪ್ರಭೆಯ ಮೇಲೆ ಸೂರ್ಯ ಹುಟ್ಟುವುದರಿಂದ ಶುರುವಾಗಿತ್ತು. ಹರಿದು ಹಾಕಿದೆ. ಸೂರ್ಯ ಹುಟ್ಟುವ ಹೊತ್ತಿಗೆ ನಾನು ಯಾವತ್ತೂ ಎದ್ದವನಲ್ಲ.)

೨

ಪುಸ್ತಕದಿಂದ ಶುರು ಮಾಡೋಣ. 'ನಡೆಯುವ ಬೆಟ್ಟಗಳು', ಒಟ್ಟು ಏಳು ಭಾಗ. ಅಂಗಡಿಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ಈ ಕಥೆಗೋಸ್ಕರ ನಾನೇ ಹುಟ್ಟಿಸಿದ್ದು. ನಾನು ಸಣ್ಣವನಿದ್ದಾಗ ನಮ್ಮಪ್ಪ ಬೀರಸಿದ್ದಪ್ಪ ಸಂಕೇಶ್ವರದ ರದ್ದಿ ಅಂಗಡಿಯಿಂದ ಏಳನ್ನೂ ಕಂಬಳಿಯಲ್ಲಿ ಕಟ್ಟಿಕೊಂಡು ತಂದರು. ಅಪ್ಪ ಕುರಿ ಕಾಯುವವರು, ಓದು ಬಾರದು. ಟಗರಿನ ಬೆನ್ನು ಒತ್ತಿ ನೋಡುವ ಹಾಗೆ ಪುಸ್ತಕಗಳನ್ನು ಒತ್ತಿ ನೋಡಿ, "ಮೈಯಾಗ ಗಟ್ಟಿ ಅದಾವು" ಎಂದು ಆರಿಸಿದ್ದರಂತೆ.

ಕಥೆ ಹೀಗೆ: ಒಂದು ಊರಿನ ಸುತ್ತಲಿನ ಏಳು ಬೆಟ್ಟಗಳು ಪ್ರತಿ ಸಂಜೆ ಜಾಗ ಬದಲಿಸುತ್ತವೆ. ಮಕ್ಕಳಿಗೆ ಮನೆಯ ದಾರಿ ತಪ್ಪುತ್ತದೆ. ಯಾವ ಬೆಟ್ಟ ಎಲ್ಲಿ ಹೋಗಿದೆ ಎಂದು ಗೊತ್ತಿರುವುದು ಭೋರ ಎಂಬ ದೊಡ್ಡ ಮೈಯ, ಮೈತುಂಬ ಕೂದಲಿನ ಕಾವಲುಗಾರನಿಗೆ ಮಾತ್ರ. ಅವನು ಒಬ್ಬೊಬ್ಬರನ್ನೇ ಹೆಗಲ ಮೇಲೆ ಕೂರಿಸಿಕೊಂಡು ಮನೆ ಮುಟ್ಟಿಸುತ್ತಾನೆ. ನನಗೆ ಭೋರ ಎಂದರೆ ಜೀವ.

ಈ ವರ್ಷ ಮಕ್ಕಳಿಗೆ ಓದಿ ಹೇಳತೊಡಗಿದೆ. ಮಗಳು ರಾಮವ್ವ, ನಮ್ಮಜ್ಜಿಯ ಹೆಸರು, ಎರಡನೇ ಇಯತ್ತೆ. ಎಲ್ಲರೂ ರಾಮಿ ಅನ್ನುತ್ತೇವೆ. ಮಗ ವಿಶಾಲ, ನಾಲ್ಕು ವರ್ಷ. ಸಂಜೆ ಐದೂವರೆಗೆ ಪಡಸಾಲೆಯ ಜೋಕಾಲಿಯಲ್ಲಿ ನಾನು ನಡುವೆ, ಅವರು ಆಚೆ ಈಚೆ. ಸಾಲಿನ ಕೆಳಗೆ ಬೆರಳಿಟ್ಟು ಓದುವುದು ನನ್ನ ಪದ್ಧತಿ. ಮಾಸ್ತರಕಿಯ ಚಟ.

೩

ಮೂರನೇ ಭಾಗದ ಒಂಬತ್ತನೇ ಅಧ್ಯಾಯದಲ್ಲಿ ಭೋರ ಸಾಯುತ್ತಾನೆ.

ಆ ಎರಡು ಹಾಳೆಗಳನ್ನು ನಾನು ಮೈದಾ ಹಿಟ್ಟಿನ ಅಂಟು ಕಾಸಿ ಒಂದಕ್ಕೊಂದು ಅಂಟಿಸಿಬಿಟ್ಟೆ. (ನಗಬೇಡಿ. ನಲವತ್ತೊಂದು ವರ್ಷದ ಸರ್ಕಾರಿ ನೌಕರ, ಬಾಗಿಲು ಹಾಕಿಕೊಂಡು, ಸೌಟು ಹಿಡಿದು.)

೪

ಯಾಕೆ ಅಂಟಿಸಿದೆ ಎಂದು ಹೇಳಲೇಬೇಕು. ಇದನ್ನು ಹೇಳದೆ ತಪ್ಪಿಸಿಕೊಂಡ ಡ್ರಾಫ್ಟುಗಳು ನಾಲ್ಕಾದವು.

ದೀಪಾವಳಿ ಮುಗಿದ ಮೇಲೆ ನಮ್ಮ ಮಂದಿ ಕುರಿ ಹೊಡೆದುಕೊಂಡು ಮೇವಿನ ಬೆನ್ನು ಹತ್ತಿ ಹೋಗುತ್ತಾರೆ. ಮಳೆ ಬಿದ್ದ ಮೇಲೆ ಬರುತ್ತಾರೆ. ಅಪ್ಪನೂ ಹೋದರು. ಜನವರಿಯಲ್ಲಿ ಕಣಗಲಾದ ಹತ್ತಿರ ಯಾರದೋ ಹೊಲದಲ್ಲಿ ಕುರಿ ತರುಬಿ ರಾತ್ರಿ ತಂಗಿದ್ದರು. ಒಂದು ಬೆಳಿಗ್ಗೆ ಅಪ್ಪ ಏಳಲಿಲ್ಲ. ಮಣ್ಣು ಮಾಡುವ ದಿನ ಮಕ್ಕಳು ಮೂಡಲಗಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದರು. ವಾಪಸು ಬಂದಾಗ ರಾಮಿ ಅಜ್ಜನ ಸುದ್ದಿ ಕೇಳಿದಳು. ನಾನು ಒಮ್ಮೆ ಕೆಮ್ಮಿ ಹೇಳಿದೆ: "ಅಜ್ಜ ಕುರಿ ಕೂಡ ಹೋಗ್ಯಾನಲ್ಲವ್ವಾ. ಮಳಿ ಬಿದ್ದ ಮ್ಯಾಲ ಬರ್ತಾನ."

ಬೇರೆಯವರ ಮನೆಯಲ್ಲಿ ಇಂಥ ಸುಳ್ಳು ಎಂಟು ದಿನವೂ ನಿಲ್ಲುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಐದು ತಿಂಗಳು ಆರಾಮಾಗಿ ನಿಂತಿತು. ನನ್ನ ಹೆಂಡತಿ ಅನ್ನಪೂರ್ಣಾ ಹುಕ್ಕೇರಿಯ ಒಂದು ದವಾಖಾನೆಯಲ್ಲಿ ನರ್ಸು. ಸಾವನ್ನು ಮುಚ್ಚಿಡುವವರನ್ನು ದಿನಾ ನೋಡುವವಳು. ಅವಳು ಅವತ್ತೇ ಕೇಳಿದ್ದಳು: "ಮಳಿ ಬರೂದೇ ಇಲ್ಲಂತ ತಿಳದೀರೇನ್ರಿ?"

ಈಗ ಜೂನ್. ಹೊರಗೆ ಮಳೆ ಬರುತ್ತಿದೆ.

೫

"ಅಪ್ಪಾ, ಈ ಹಾಳಿ ಯಾಕ ದಪ್ಪ ಐತಿ?"

"ಪ್ರಿಂಟಿಂಗ್ ಮಿಸ್ಟೇಕ್."

ರಾಮಿ ಮೂಸಿ ನೋಡಿದಳು. "ಹಿಟ್ಟಿನ ವಾಸನಿ ಬರ್ತೈತಿ."

ನಾನು ಹತ್ತನೇ ಅಧ್ಯಾಯ ಶುರು ಮಾಡಿದೆ. ಅಲ್ಲಿ ಊರವರೆಲ್ಲ ಅಳುತ್ತ ಕೂತಿದ್ದಾರೆ. ನಾನು ಅವರಿಗೆ ಊಟ ಬಡಿಸಿಬಿಟ್ಟೆ, ಹೋಳಿಗೆ ಸಮೇತ.

"ನಿನ್ನ ಬೆರಳು ಒಂದ್ ಕಡೆ ಐತಿ, ಬಾಯಿ ಒಂದ್ ಕಡೆ ಐತಿ," ಎಂದಳು. "ಭೋರ ಎಲ್ಲಿ ಹೋದ?"

ಕೆಮ್ಮಿದೆ. ಬಾಯಿಗೆ ರೂಢಿಯಾಗಿದ್ದ ಮಾತು ತಾನೇ ಬಂದುಬಿಟ್ಟಿತು. "ಕುರಿ ಕೂಡ ಹೋದ."

"ಈ ಪುಸ್ತಕದಾಗ ಕುರಿ ಎಲ್ಲಿ ಅದಾವು?"

"ಹಂಗಾರ ಅಜ್ಜನ ಕೂಡ ಹೋಗಿರ್ತಾನ!" ಎಂದು ವಿಶಾಲ ಚಪ್ಪಾಳೆ ಹೊಡೆದ. ರಾಮಿ ಅವನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಅದು ನನಗೆ ಸರಿ ಬರಲಿಲ್ಲ.

೬

ಮುಕ್ತಾಯ ಅ: ನಾನು ಇಬ್ಬರನ್ನೂ ತೊಡೆಯ ಮೇಲೆ ಕೂರಿಸಿಕೊಂಡು ನಿಜ ಹೇಳುತ್ತೇನೆ. ಅಳುತ್ತಾರೆ. ಮಳೆ ನಿಂತು ಕಾಮನಬಿಲ್ಲು ಮೂಡುತ್ತದೆ.

(ಇಲ್ಲಿ ಕಥೆಯೊಳಗಿನ ರಾಮಿ ನನ್ನ ಪೆನ್ನು ಕಸಿದುಕೊಳ್ಳುತ್ತಾಳೆ: "ನಾ ಹಂಗ ಅಳೂದಿಲ್ಲ. ಮತ್ತ ನೀ ಹೇಳೂದೂ ಇಲ್ಲ.")

ಮುಕ್ತಾಯ ಆ: ಅಪ್ಪನ ಜೊತೆ ಹೋಗಿದ್ದ ನನ್ನ ತಮ್ಮ ಸತ್ತೆಪ್ಪ ಕುರಿ ಹೊಡೆದುಕೊಂಡು ಬಂದು ಹೇಳುತ್ತಾನೆ.

("ಸತ್ತೆಪ್ಪ ಕಾಕಾಗ ನೀ ಮೊದಲ ಫೋನ್ ಮಾಡಿ ಹೇಳಬ್ಯಾಡ ಅಂದಿರ್ತಿ," ಎನ್ನುತ್ತಾಳೆ. ಖರೆ, ಮಾಡಿದ್ದೆ. ಇದನ್ನು ನಾನು ಅವಳ ಪಾತ್ರಕ್ಕೆ ಬರೆದುಕೊಟ್ಟಿರಲಿಲ್ಲ.)

೭

ಕಳೆದ ರವಿವಾರ ಅಂಕಲಗಿ ರಸ್ತೆಯಲ್ಲಿ ಕುರಿ ಬಂದವು. ರಾಮಿ ಮಳೆಯಲ್ಲೇ ಹೋಗಿ ನಿಂತಳು. ನಾಲ್ಕು ಜನ ತಲೆಯ ಮೇಲಿಂದ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದರು, ಮುಖ ಕಾಣುತ್ತಿರಲಿಲ್ಲ. ಅವಳು ಒಬ್ಬೊಬ್ಬರ ಎದುರಿಗೂ ಹೋಗಿ, ತಲೆಯೆತ್ತಿ, ಕೊಪ್ಪೆಯೊಳಗೆ ಇಣುಕಿ ನೋಡಿದಳು. ನಾಲ್ಕನೆಯವನು ಸತ್ತೆಪ್ಪ. ಅವನು ನನ್ನ ಕಡೆ ನೋಡಿ ಕೊಪ್ಪೆಯನ್ನು ಮುಂದಕ್ಕೆ ಎಳೆದುಕೊಂಡ. ಅಪ್ಪನ ನಾಯಿ ಅವನ ಹಿಂದೆ ಬರುತ್ತಿತ್ತು.

"ಅಜ್ಜ?" ಎಂದು ಅವಳು ಕೇಳಿದ್ದರೆ ಅವತ್ತು ನಾನು ಹೇಳಿಬಿಡುತ್ತಿದ್ದೆ. (ಹೇಳುತ್ತಿದ್ದೆನೆ? ನೀವು ಸಂಶಯಪಡುವುದರಲ್ಲಿ ತಪ್ಪಿಲ್ಲ.) ಅವಳು ನಾಯಿಯ ತಲೆ ಸವರಿ ಮನೆಗೆ ಬಂದಳು.

೮

ಇವತ್ತು. ಮೂಡಲಗಿಯಿಂದ ಬಂದು ಚಪ್ಪಲಿ ಬಿಡುತ್ತಿದ್ದೇನೆ. ಜೋಕಾಲಿಯಲ್ಲಿ ರಾಮಿ ಮತ್ತು ವಿಶಾಲ. ತೊಡೆಯ ಮೇಲೆ ಮೂರನೇ ಭಾಗ. ಅಂಟಿಸಿದ ಹಾಳೆಗಳು ಬೇರೆಯಾಗಿವೆ, ಅಂಚು ಒದ್ದೆಯಾಗಿ ಸುರುಟಿವೆ. ಪಕ್ಕದಲ್ಲಿ ನೀರಿನ ತಂಬಿಗೆ. ನಾನು ಕಳ್ಳನ ಹಾಗೆ ಬಾಗಿಲ ಹಿಂದೆ ನಿಂತೆ.

ರಾಮಿಯ ಬೆರಳು ಸಾಲಿನ ಕೆಳಗೆ ನಿಧಾನ ಹರಿಯುತ್ತಿದೆ. ತುಟಿಗಳು ಮಾತ್ರ ಅಲುಗುತ್ತಿವೆ, ಒಂದೊಂದೇ ಅಕ್ಷರ ಕೂಡಿಸಿಕೊಳ್ಳುತ್ತಿದ್ದಾಳೆ. ಆ ಸಾಲು ನನಗೆ ಬಾಯಿಪಾಠ: ಭೋರ ಸತ್ತುಹೋದ, ಬೆಟ್ಟ ಅವನ ಹೆಗಲ ಮೇಲೆಯೇ ನಿಂತಿತು. ಬೆರಳು ಅಲ್ಲಿ ನಿಂತಿತು.

"ಜೋರಾಗಿ ಓದು," ಎಂದ ವಿಶಾಲ.

ರಾಮಿ ಒಮ್ಮೆ ಕೆಮ್ಮಿದಳು. ಥೇಟ್ ನನ್ನ ಕೆಮ್ಮು.

"ಭೋರ ಕುರಿ ಕೂಡ ಹೋದ."

"ಮಳಿ ಬಂದೈತಲ್ಲ?"

"ಇದಲ್ಲೋ. ಮುಂದಿನ ಮಳಿ."

ಮೂವತ್ತು ವರ್ಷ ಕಾದಿಟ್ಟು, ನನಗೆ ಅತಿ ಪ್ರೀತಿಯ ಪುಸ್ತಕವನ್ನು ಮಗಳಿಗೆ ಕೊಟ್ಟೆ. ಅವಳು ಅದರಿಂದ ಇದನ್ನು ಕಲಿತಳು. ಪುಸ್ತಕದಿಂದಲ್ಲ, ನನ್ನಿಂದ.

ವಿಶಾಲ ತಲೆಯೆತ್ತಿ ನನ್ನನ್ನು ಕಂಡ. "ಅಪ್ಪಾ, ಅಕ್ಕ ಖರೇನ ಓದಾಕತ್ತಾಳೇನು?"

ರಾಮಿಯೂ ನನ್ನನ್ನೇ ನೋಡುತ್ತಿದ್ದಾಳೆ. ಹೂಂ ಅನ್ನು ಎನ್ನುತ್ತಿದ್ದಾಳೋ, ಹೂಂ ಅಂದು ನೋಡು ಎನ್ನುತ್ತಿದ್ದಾಳೋ? ಬರೆಯುವವನು ನಾನು, ನನಗೆ ಗೊತ್ತಿರಬೇಕು. ಗೊತ್ತಿಲ್ಲ. ಅನ್ನಪೂರ್ಣಾಳ ಬಸ್ಸು ಬರಲು ಇನ್ನೂ ಇಪ್ಪತ್ತು ನಿಮಿಷ ಇದೆ. ನಾನು ಹೋಗಿ ಇಬ್ಬರ ನಡುವೆ ಕೂತೆ. ಒದ್ದೆ ಹಾಳೆಯ ಮೇಲೆ, ಆ ಸಾಲಿನ ಮೊದಲ ಅಕ್ಷರದ ಕೆಳಗೆ ಬೆರಳಿಟ್ಟೆ. ಗಂಟಲಿಗೆ ಕೆಮ್ಮು ಬಂತು. ನುಂಗಿದೆ.

ಇದರ ಮುಂದೆ ನಾನು ಏನು ಬರೆದರೂ ನಂಬಬೇಡಿ. ಅದಕ್ಕೇ ಬರೆಯುವುದಿಲ್ಲ.

ವಿಶಾಲ ನನ್ನ ಬೆರಳಿಗೆ ತನ್ನ ಬೆರಳು ತಾಗಿಸಿ ಇಟ್ಟ. "ಹೂಂ, ಓದಪಾ," ಎಂದ.