ಮೊಲದ ಗುಡ್ಡದ ವಿಷಲ್

ರಾಜೇಂದ್ರನಿಗೆ ವಾರದಲ್ಲಿ ಆರು ದಿನ ಬಸ್ಸು, ಏಳನೇ ದಿನ ಸೈಕಲ್ಲು. ತಿ. ನರಸೀಪುರದಿಂದ ನಂಜನಗೂಡಿಗೆ ಓಡಾಡುವ ಬಸ್ಸಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕಂಡಕ್ಟರ್ ಆಗಿ ನಿಂತೂ ನಿಂತೂ ಕಾಲು ಸೋತವನು ಭಾನುವಾರ ಹೊದ್ದು ಮಲಗಬೇಕಿತ್ತು. ಅದು ಬಿಟ್ಟು, ನಲವತ್ತಾರನೇ ವಯಸ್ಸಿನಲ್ಲಿ ದಪ್ಪ ಚಕ್ರದ ಗುಡ್ಡದ ಸೈಕಲ್ ಕೊಂಡು, ತಲೆಗೊಂದು ಹೆಲ್ಮೆಟ್ಟು ಸಿಕ್ಕಿಸಿಕೊಂಡು ಬಿಳಿಗೆರೆ ಕಡೆಯ ಮೊಲದ ಗುಡ್ಡ ಹತ್ತುತ್ತಿದ್ದ. ಹತ್ತುವುದು ಬರೀ ನೆಪ. ಇಳಿಯುವುದರಲ್ಲೇ ಅವನ ಪ್ರಾಣವಿತ್ತು.

ಗುಡ್ಡದ ತುದಿಯಿಂದ ಕೆರೆ ಏರಿಯವರೆಗೆ ಮೂರು ಕಿಲೋಮೀಟರ್ ಕಾಲುದಾರಿ, ಏಳು ತಿರುವು. ಅದನ್ನು ಹನ್ನೆರಡು ನಿಮಿಷದೊಳಗೆ ಇಳಿದವನು ಒಬ್ಬನೇ ಒಬ್ಬ, ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ರಾಹುಲ್. ರಾಜೇಂದ್ರನದು ಹನ್ನೆರಡು ನಿಮಿಷ ಇಪ್ಪತ್ತು ಸೆಕೆಂಡಿಗೆ ಬಂದು ನಿಂತುಬಿಟ್ಟಿತ್ತು. ಆ ಇಪ್ಪತ್ತು ಸೆಕೆಂಡಿಗಾಗಿ ಅವನು ರಾತ್ರಿ ಅನ್ನ ಬಿಟ್ಟ, ಬೆಳಿಗ್ಗೆ ಸಕ್ಕರೆ ಬಿಟ್ಟ, ಹೆಂಡತಿಯ ಕೈಲಿ ಬೈಸಿಕೊಂಡ. ಕತ್ತಿನಲ್ಲಿ ಮಾತ್ರ ಡ್ಯೂಟಿಯ ವಿಷಲ್ ಹಾಗೇ ನೇತಾಡುತ್ತಿತ್ತು. ತಿರುವು ಬಂದಲ್ಲೆಲ್ಲ ಅದನ್ನು ಊದುವುದು ಅವನ ಅಭ್ಯಾಸ.

ಆ ಭಾನುವಾರ, ಹಿಂದಿನ ರಾತ್ರಿ ಚೆನ್ನಾಗಿ ಮಳೆ ಹೊಡೆದಿತ್ತು. ತುದಿಯಲ್ಲಿ ನಿಂತು ರಾಹುಲ್ ಬೂಟಿನ ತುದಿಯಿಂದ ನೆಲ ಕೆದಕಿ ನೋಡಿದ.

"ಅಣ್ಣ, ಮಣ್ಣು ಇನ್ನೂ ಹಸಿ ಅದೆ. ಇವತ್ತು ಬ್ಯಾಡ. ಚಕ್ರ ಇಳುದ್ರೆ ದಾರಿ ಕಿತ್ಕೊಂಡ್ ಓಯ್ತದೆ."

"ಒಂದೇ ಸಲ ಕಣ್ಲಾ," ಎಂದ ರಾಜೇಂದ್ರ. ಆ ಒಂದೇ ಸಲದಲ್ಲೇ ಎಲ್ಲ ಎಡವಟ್ಟಾಯಿತು.

ಮೂರನೇ ತಿರುವಿನಲ್ಲಿ, ಕಿರಿದಾದ ಕಡೆಯಲ್ಲಿ, ಸಣ್ಣತಾಯಮ್ಮ ಎದುರಿಗೆ ಹತ್ತಿ ಬರುತ್ತಿದ್ದಳು. ಗುಡ್ಡದ ಬುಡದ ಊರಿನವಳು, ಅರವತ್ತು ದಾಟಿದವಳು, ಅವಳ ಮುಂದೆ ಮೂವತ್ತು ಆಡು. ರಾಜೇಂದ್ರ ಬ್ರೇಕು ಹಿಡಿಯಲಿಲ್ಲ. ಬಾಯಿಗೆ ವಿಷಲ್ ಇಟ್ಟು ಉದ್ದಕ್ಕೆ ಒಂದು ಊದಿದ. ಒಂದು ವಿಷಲ್ ಅಂದರೆ ನಿಲ್ಲಬೇಕು, ಎರಡು ಅಂದರೆ ಹೊರಡಬೇಕು. ಇಪ್ಪತ್ತೆರಡು ವರ್ಷ ಬಸ್ಸಿನಲ್ಲಿ ಅದೇ ನಡೆದಿತ್ತು. ಈ ಕಾನೂನು ಆಡುಗಳಿಗೆ ಗೊತ್ತಿಲ್ಲ ಅನ್ನುವುದು ಆ ಮಹಾಶಯನಿಗೆ ಹೊಳೆಯಲೇ ಇಲ್ಲ. ಮೂವತ್ತು ಆಡೂ ಬೆಚ್ಚಿ ದಿಕ್ಕಾಪಾಲಾದವು. ಗಬ್ಬದ ಆಡೊಂದು ಬಂಡೆಯಿಂದ ಕೆಳಕ್ಕೆ ಹಾರಿ ಮುಂಗಾಲು ಉಳುಕಿಸಿಕೊಂಡು ಅರಚಿತು. ಈಗ ಬ್ರೇಕು ಹಿಡಿದ ರಾಜೇಂದ್ರ, ಹಸಿ ಮಣ್ಣಿನಲ್ಲಿ ಹತ್ತು ಮಾರು ಜಾರಿ, ಉದ್ದಕ್ಕೂ ನೇಗಿಲು ಹೂಡಿದ ಹಾಗೆ ಗೀರು ಎಳೆದ. ಆಮೇಲೂ ಇಳಿಯಲಿಲ್ಲ. "ಸಾರಿ ಕಣವ್ವೋ!" ಎಂದು ಸೀಟಿನ ಮೇಲಿಂದಲೇ ಕೂಗಿ ಹೊರಟುಹೋದ.

ಹನ್ನೆರಡು ನಿಮಿಷ ನಲವತ್ತು ಸೆಕೆಂಡು. ಅದೂ ದಂಡ.

ಸೋಮವಾರ ರಾತ್ರಿ ಮತ್ತೆ ಮಳೆ ಬಂತು. ಅವನು ಎಳೆದ ಗೀರಿನಲ್ಲೇ ನೀರು ನುಗ್ಗಿ ಮೂರನೇ ತಿರುವಿನಿಂದ ಐದನೆಯದರವರೆಗೆ ದಾರಿಯ ಅರ್ಧ ಕೊಚ್ಚಿಹೋಯಿತು. ಬೆಳಗಾಗುವಷ್ಟರಲ್ಲಿ ಕೊಚ್ಚಿಹೋದ ಕಡೆಯ ಮೇಲ್ಗಡೆ, ದಾರಿಗೆ ಅಡ್ಡಲಾಗಿ ಆಳೆತ್ತರ ಜಾಲಿಮುಳ್ಳು ಬಿದ್ದಿತ್ತು. ಸಣ್ಣತಾಯಮ್ಮ ಒಬ್ಬಳೇ ಕಡಿದು ಎಳೆದು ತಂದು ಹಾಕಿದ್ದಳು.

"ಕಿತ್ತು ಬಿಸಾಕಿದ್ರಾಯ್ತು," ಎಂದು ಮೈಸೂರಿನ ಸವಾರನೊಬ್ಬ ಗುಡ್ಡ ಇಳಿಯುವ ಸೈಕಲ್ಲಿನವರ ಫೋನ್ ಗುಂಪಿನಲ್ಲಿ ಬರೆದ. ರಾಜೇಂದ್ರನಿಗೆ ಮೈ ಉರಿಯಿತು, ಸವಾರನ ಮೇಲಲ್ಲ, ತನ್ನ ಮೇಲೇ. ಡ್ಯೂಟಿ ಮುಗಿಸಿ, ಯೂನಿಫಾರಂ ಕೂಡ ಬದಲಿಸದೆ ಸಣ್ಣತಾಯಮ್ಮನ ಮನೆ ಮುಂದೆ ಹೋಗಿ ನಿಂತ. ಅವಳು ಆಡಿನ ಕಾಲಿಗೆ ಬಿದಿರಿನ ಸೀಳು ಇಟ್ಟು ಬಟ್ಟೆ ಕಟ್ಟುತ್ತಿದ್ದಳು.

"ತಪ್ಪಾಯ್ತು ಕಣವ್ವ."

"ಇಳಿಯಾಕೆ ಕಾಲಿರ್ನಿಲ್ವಾ ನಿಂಗೆ? ಪೀಪಿ ಊದ್ತಾನಂತೆ ಪೀಪಿ! ನನ್ ಆಡೇನು ನಿನ್ ಬಸ್ಸಿನ ಜನವಾ, ಒಂದ್ ಪೀಪಿಗೆ ನಿಂತ್ಕೊಳಾಕೆ?"

ರಾಜೇಂದ್ರ ತಲೆ ತಗ್ಗಿಸಿದ.

"ನಾ ಮದ್ವೆಯಾಗಿ ಬಂದಾಗಿಂದ ಅದೇ ದಾರೀಲಿ ಓಡಾಡ್ತಿವ್ನಿ," ಎಂದಳು ಸಣ್ಣತಾಯಮ್ಮ, ಗಂಟು ಬಿಗಿಯುತ್ತಾ. "ಒಂದಿನ ಕಿತ್ತೋಗಿರ್ನಿಲ್ಲ. ಎರಡು ಭಾನ್ವಾರ ಕೊಡ್ತೀನಿ. ದಾರಿ ಮೊದ್ಲಂಗೆ ಮಾಡ್ಕೊಡಿ, ನಾನೇ ಮುಳ್ ತಗೀತೀನಿ. ಆಗ್ನಿಲ್ಲ ಅಂದ್ರೆ ಆ ಗುಡ್ಡದ್ ಮಕ ನೋಡ್ಬ್ಯಾಡಿ."

ಮಾಡಿಯೇ ತೀರುತ್ತೇನೆ ಎಂದು ರಾಜೇಂದ್ರ ಹೊರಟ. ಗುಂಪಿನಲ್ಲಿ ನೂರಾ ಹತ್ತು ಜನ ಇದ್ದರು. ಭಾನುವಾರ ಬೆಳಿಗ್ಗೆ ಆರಕ್ಕೆ ಗುದ್ದಲಿ ಹಿಡಿದು ಬನ್ನಿ ಎಂದು ಬರೆದ. ಕ್ಷಣದಲ್ಲಿ ನಲವತ್ತು ಹೆಬ್ಬೆಟ್ಟು ಬಂದವು, ಬಿಗಿಮುಷ್ಟಿ ಬಂದವು, ಕೈ ಮುಗಿದವರೂ ಇದ್ದರು. ಭಾನುವಾರ ಬಂದವರು ಮೂವರು. ಅವನು, ರಾಹುಲ್, ಮತ್ತೆ ಹೊಸ ಗ್ಲೌಸು ಹಾಕಿಕೊಂಡು ಬಂದ ಇನ್ನೊಬ್ಬ. ಆ ಇನ್ನೊಬ್ಬ ಗುದ್ದಲಿ ಹಿಡಿದು ಫೋಟೋ ತೆಗೆಸಿಕೊಂಡು ತಿಂಡಿ ಹೊತ್ತಿಗೆ ಮಾಯವಾದ. ಸಂಜೆಯವರೆಗೆ ಅಗೆದರೂ ಇಬ್ಬರಿಂದ ಒಂದು ತಿರುವೂ ಮುಗಿಯಲಿಲ್ಲ. ಇನ್ನುಳಿದದ್ದು ಒಂದೇ ಭಾನುವಾರ.

ಸೋಮವಾರ ಏಳೂವರೆ ಟ್ರಿಪ್ಪಿಗೆ ಮಂಗಳಮ್ಮ ಹತ್ತಿದಳು. ನಾಟಿಗೆ, ಕಳೆಗೆ ಹೆಂಗಸರನ್ನು ಕರೆದುಕೊಂಡು ಹೋಗುವವಳು. ಅವಳ ಹಿಂದೆ ಯಾವಾಗಲೂ ಹನ್ನೆರಡು ಜನ, ಹನ್ನೆರಡು ಬುತ್ತಿ, ಬಸ್ಸು ತುಂಬ ಮಾತು.

"ಏನ್ ಕಂಡಕ್ಟ್ರೇ, ಕೈಯೆಲ್ಲ ಬೊಬ್ಬೆ! ಟಿಕೆಟ್ ಮಿಸೀನ್ ಒತ್ತಿ ಒತ್ತಿ ಬಂದ್ವಾ?"

ಹೆಂಗಸರು ನಕ್ಕರು. ರಾಜೇಂದ್ರನಿಗೆ ಅಳು ಬರುವಷ್ಟು ಬೇಜಾರಾಗಿತ್ತು. ಎಲ್ಲ ಹೇಳಿಕೊಂಡ, ಆಡಿನ ಕಾಲಿನ ವಿಷಯವನ್ನೂ ಬಿಡದೆ. ಹೇಳಿ ಮುಗಿಸುವಷ್ಟರಲ್ಲಿ ನಾಲ್ಕು ಸ್ಟಾಪು ಕಳೆದಿದ್ದವು.

"ಕರೆಯೋಕೇ ಬರ್ನಿಲ್ಲ ಕಣಣ್ಣ ನಿಂಗೆ," ಎಂದಳು ಮಂಗಳಮ್ಮ. "ಪುಗಸಟ್ಟೆ ದುಡೀರಿ ಅಂದ್ರೆ ಯಾರ್ ಬತ್ತಾರೆ? ಮುಯ್ಯಾಳು ಅಂತ ಕರಿ. ನಾವು ಒಂದಿನ ನಿಮ್ ದಾರಿಗೆ ಬತ್ತೀವಿ, ನೀವು ಒಂದಿನ ನಮ್ ಗದ್ದೆಗೆ ಬನ್ನಿ. ನಮ್ಮಲ್ಲಿ ಮುಯ್ಯಿ ತಪ್ಸೋರಿಲ್ಲ."

"ನಮ್ ಸೈಕಲ್ನೋರು ನಾಟಿ ಆಕ್ತಾರಾ ಅಕ್ಕ?"

"ಕಲಿಸ್ತೀವಿ ಬುಡು."

ರಾಜೇಂದ್ರನ ಮೈಯಲ್ಲಿ ಕರೆಂಟು ಹರಿಯಿತು. ಇಪ್ಪತ್ತೆರಡು ವರ್ಷ ಬಸ್ಸಿನ ಮುಂದಿನ ಬಾಗಿಲಿನಿಂದ ಹಿಂದಿನ ಬಾಗಿಲಿಗೆ ಕೇಳಿಸಿದ ಗಂಟಲು ಅವನದು! ಆ ವಾರವೆಲ್ಲ ಅದಕ್ಕೆ ಬಿಡುವಿರಲಿಲ್ಲ. "ಟಿಕೆಟ್ ತಗೊಳಿ, ಚಿಲ್ಲರೆ ಕೊಡಿ, ಭಾನುವಾರ ಮೊಲದ ಗುಡ್ಡಕ್ಕೆ ಬನ್ನಿ! ಮುಯ್ಯಾಳು ಕಣ್ರೀ, ಮುಯ್ಯಾಳು! ಇವತ್ತು ನೀವು, ನಾಳೆ ನಾವು!" ಕಾಲೇಜಿನವರು ನಕ್ಕರು, ನಗುತ್ತಲೇ ಎಷ್ಟೊತ್ತಿಗೆ ಎಂದು ಕೇಳಿದರು. ತಗಡೂರಿನ ಕಡೆಯ ಮುದುಕರೊಬ್ಬರು ಹಾರೆ ತರಲೇ, ಗುದ್ದಲಿ ಸಾಕೇ ಎಂದು ವಿಚಾರಿಸಿದರು. ಡ್ರೈವರ್ ತಲೆ ಚಚ್ಚಿಕೊಂಡ. ಅತ್ತ ರಾಹುಲ್ ಗುಂಪಿನಲ್ಲಿ ಬರೆದ: "ಭಾನುವಾರ ದಾರಿ. ಮುಂದಿನ ಶನಿವಾರ ನಾಟಿ. ಎರಡಕ್ಕೂ ಬರುವವರು ಮಾತ್ರ ಇನ್ನು ಮೇಲೆ ಮೊಲದ ಗುಡ್ಡ ಇಳಿಯಬಹುದು. ಹೆಬ್ಬೆಟ್ಟು ಬೇಡ."

ಭಾನುವಾರ ಬೆಳಿಗ್ಗೆ ಆರಕ್ಕೆ ರಾಜೇಂದ್ರ ಕೆರೆ ಏರಿಯ ಮೇಲೆ ನಿಂತ. ಯಾರೂ ಇಲ್ಲ. ಆರೂ ಹತ್ತಕ್ಕೂ ಯಾರೂ ಇಲ್ಲ. ಆರೂಕಾಲಿಗೆ ದೂರದಲ್ಲಿ ಟೆಂಪೋ ಸದ್ದು, ಅದರೊಳಗಿಂದ ಮಂಗಳಮ್ಮನ ನಗು. ಅದರ ಹಿಂದೆ ಸೈಕಲ್ಲು, ಒಂದರ ಹಿಂದೊಂದು, ಹ್ಯಾಂಡಲ್ಲಿಗೆ ಗುದ್ದಲಿ ಕಟ್ಟಿಕೊಂಡು! ತಗಡೂರಿನ ಮುದುಕರು ಹಾರೆಯೂ ತಂದಿದ್ದರು, ಗುದ್ದಲಿಯೂ ತಂದಿದ್ದರು. ಐವತ್ತು ಜನಕ್ಕೆ ಕಡಿಮೆ ಇರಲಿಲ್ಲ. ರಾಜೇಂದ್ರನಿಗೆ ಖುಷಿಗೆ ಏನು ಮಾಡಬೇಕೋ ತೋಚದೆ, ಬಂದವರನ್ನೆಲ್ಲ "ಒಳಗ್ ಬನ್ನಿ, ಒಳಗ್ ಬನ್ನಿ, ಮುಂದೆ ಜಾಗ ಅದೆ!" ಎಂದು ಗುಡ್ಡಕ್ಕೆ ಹತ್ತಿಸಿದ.

ಎಂಥಾ ಕೆಲಸ ಅದು! ಒಬ್ಬರು ಅಗೆದರೆ ಒಬ್ಬರು ಬಾಂಡ್ಲಿಗೆ ತುಂಬಿದರು, ಇನ್ನೊಬ್ಬರು ಹೊತ್ತರು. ಮೈಸೂರಿನ ಸವಾರರು ದಾರಿಯನ್ನು ಟೇಬಲ್ಲಿನಂತೆ ಸಮ ಮಾಡಹೊರಟರು. ಮಂಗಳಮ್ಮ ಅವರ ಕೈಯಿಂದ ಗುದ್ದಲಿ ಕಿತ್ತುಕೊಂಡಳು.

"ಸಮ ಮಾಡ್ಬ್ಯಾಡ್ರಪ್ಪ. ಕೆಳಗಡೀಕೆ ಒಸಿ ವಾರೆ ಇರ್ಲಿ. ಇಲ್ಲಿ ಕಲ್ಲು ಓರೆಯಾಗ್ ಉಗೀರಿ. ನೀರು ದಾರೀಲಿ ಓಡ್ಬಾರ್ದು, ದಾಟ್ಕೊಂಡ್ ಓಗ್ಬೇಕು."

ಗದ್ದೆಗೆ ನೀರು ಕಟ್ಟಿ ಗೊತ್ತಿದ್ದ ಹೆಂಗಸರ ಮುಂದೆ ಯಾರ ಇಂಜಿನಿಯರಿಂಗೂ ನಡೆಯಲಿಲ್ಲ. ಅವರು ತೋರಿಸಿದ ಕಡೆಯಲ್ಲೆಲ್ಲ ದಾರಿಗೆ ಅಡ್ಡಲಾಗಿ ಓರೆಗಲ್ಲು ಹೂಳುತ್ತಾ ಹೋದರು. ಮೂರನೇ ತಿರುವಿನಲ್ಲಿ ತಾನು ಎಳೆದ ಗೀರನ್ನು ರಾಜೇಂದ್ರ ಯಾರಿಗೂ ಮುಟ್ಟಲು ಬಿಡಲಿಲ್ಲ. ಒಬ್ಬನೇ ಮಣ್ಣು ಹೊತ್ತು, ಒಬ್ಬನೇ ತುಳಿದು, ಒಬ್ಬನೇ ಮುಚ್ಚಿದ.

ಸಣ್ಣತಾಯಮ್ಮ ಮೇಲಿನ ಬಂಡೆಯ ಮೇಲೆ ಎಲೆಅಡಿಕೆ ಹಾಕಿಕೊಂಡು ಕುಳಿತಿದ್ದಳು. ಮಧ್ಯಾಹ್ನ ಎರಡಕ್ಕೆ ಕೊನೆಯ ಕಲ್ಲು ಕೂತಾಗ ಎದ್ದಳು. ಎದ್ದವಳು ದಾರಿ ನೋಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಕುಡಿಯಲು ತಂದಿಟ್ಟಿದ್ದ ತುಂಬಿದ ಬಿಂದಿಗೆಯನ್ನು ಸೊಂಟಕ್ಕೇರಿಸಿ ಮೂರನೇ ತಿರುವಿನ ಮೇಲ್ಗಡೆ ಹೋಗಿ ನಿಂತು, ನೀರನ್ನು ದಾರಿಯ ನಡುವೆಯೇ ಸುರಿದಳು.

ಎಲ್ಲರೂ ಗುದ್ದಲಿ ಊರಿ ನಿಂತರು. ನೀರು ಇಳಿಯಿತು. ನೇರ ರಾಜೇಂದ್ರ ಮುಚ್ಚಿದ ಕಡೆಗೇ ಬಂತು. ನೀರು ಓರೆಗಲ್ಲಿಗೆ ತಾಗಿ, ಒಂದಿಷ್ಟು ಮಡುಗಟ್ಟಿ, ಕಲ್ಲಿನ ಪಕ್ಕಕ್ಕೇ ಹೊರಳಿ ಬೇಲಿ ಕಡೆಗೆ ಹರಿದುಹೋಯಿತು. ಕಲ್ಲಿನಿಂದ ಕೆಳಗಿನ ದಾರಿ ಒಣಗಿಯೇ ಇತ್ತು.

ಐವತ್ತು ಜನ ಒಟ್ಟಿಗೆ ಹೋ ಎಂದರು! ಮಂಗಳಮ್ಮ ಕುಣಿದೇಬಿಟ್ಟಳು. ಸಣ್ಣತಾಯಮ್ಮ ಖಾಲಿ ಬಿಂದಿಗೆ ಕೆಳಗಿಟ್ಟು, ಮೇಲಕ್ಕೆ ನಡೆದು ಹೋಗಿ, ತನ್ನ ಕೈಯಾರೆ ಮುಳ್ಳು ಎಳೆದು ಪಕ್ಕಕ್ಕೆ ಹಾಕಿದಳು.

"ಮಣ್ಣು ಹಸಿ ಇದ್ದಾಗ ಚಕ್ರ ಇಳೀಬಾರ್ದು," ಎಂದಳು. "ಹತ್ತೋರ್ ಎದ್ರಿಗೆ ಬಂದ್ರೆ ಇಳಿಯೋನೇ ನಿಂತ್ಕೊಬೇಕು. ಆಡು ಬಂದ್ರೆ ಸೈಕಲ್ಲಿಂದ ಕೆಳೀಕ್ ಇಳೀಬೇಕು."

ರಾಜೇಂದ್ರ ಕತ್ತಿನ ವಿಷಲ್ ಬಿಚ್ಚಿ ಅವಳ ಕೈಗಿಟ್ಟ. "ಇದು ನಿನ್ಹತ್ರನೇ ಇರ್ಲಿ ಕಣವ್ವ. ಡ್ಯೂಟಿಗೆ ಇನ್ನೊಂದದೆ. ಒಂದು ಊದುದ್ರೆ ನಾವು ನಿಂತ್ಕೊತೀವಿ. ಎರಡು ಊದೋಗಂಟ ಅಲುಗಾಡಲ್ಲ."

ಅವಳು ವಿಷಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, ಎಲೆಅಡಿಕೆ ಚೀಲದೊಳಗೆ ಹಾಕಿಕೊಂಡಳು.

ಮುಂದಿನ ಶನಿವಾರ, ರಜೆ ಹಾಕಿ ಬಂದ ರಾಜೇಂದ್ರನೂ ಸೇರಿ ಸವಾರರೆಲ್ಲ ಮಂಗಳಮ್ಮನ ಗದ್ದೆಯ ಕೆಸರಿಗೆ ಮೊಣಕಾಲುದ್ದ ಇಳಿದರು. ರಾಹುಲನ ಸಾಲು ಹಾವು ಹರಿದಂತೆ ಸೊಟ್ಟಗೆ ಹೋಯಿತು. ಹೆಂಗಸರು ಅದನ್ನು ಕಿತ್ತು ಮತ್ತೆ ನೆಟ್ಟರು, ಸಂಜೆಯವರೆಗೆ ಅದನ್ನೇ ಹೇಳಿ ನಕ್ಕರು.

ಮರುದಿನ ಭಾನುವಾರ. ನಾಲ್ಕು ದಿನದಿಂದ ಮಳೆಯಿಲ್ಲ, ದಾರಿ ಒಣಗಿ ಗಟ್ಟಿಯಾಗಿತ್ತು. ರಾಹುಲ್ ಕೆರೆ ಏರಿಯಲ್ಲಿ ಗಡಿಯಾರ ಹಿಡಿದು ನಿಂತ. ತುದಿಯಿಂದ ರಾಜೇಂದ್ರ ಬಿಟ್ಟ ರಭಸಕ್ಕೆ ಸೈಕಲ್ಲು ನೆಲಕ್ಕೆ ಅಂಟಿದ ಹಾಗೆ ಓಡಿತು. ಮೊದಲ ತಿರುವು, ಎರಡು, ತಾನೇ ಮಣ್ಣು ತುಳಿದ ಮೂರು! ಓರೆಗಲ್ಲಿನ ಮೇಲೆ ಚಕ್ರ ಟಕ್ಕೆಂದು ನೆಗೆದು ಇಳಿಯಿತು. ನಾಲ್ಕು, ಐದು. ಕೈಗಡಿಯಾರ ನೋಡಿದ, ಏಳು ನಿಮಿಷ! ಆರನೇ ತಿರುವು ಮುಗಿದಾಗ ಒಂಬತ್ತು ಮುಕ್ಕಾಲು. ಯಾವ ಜನ್ಮದಲ್ಲೂ ಇಷ್ಟು ಚೆನ್ನಾಗಿ ಇಳಿದಿರಲಿಲ್ಲ. ಉಳಿದದ್ದು ಒಂದು ತಿರುವು, ಆಮೇಲೆ ಬರೀ ಇಳಿಜಾರು. ಇವತ್ತು ಆಯಿತು, ಆಗೇ ಹೋಯಿತು ಎಂದು ಒಳಗೇ ಕೂಗಿಕೊಂಡ.

ತಿರುವಿನ ಆಚೆಯಿಂದ ಉದ್ದಕ್ಕೆ ಒಂದು ವಿಷಲ್ ಕೇಳಿಸಿತು.

ಎರಡೂ ಕೈ ತಾವಾಗಿಯೇ ಬ್ರೇಕು ಹಿಡಿದವು. ಕೆಳಗಿಳಿದು, ಸೈಕಲ್ಲನ್ನು ಎತ್ತಿ ಪಕ್ಕದ ಬೇಲಿಗೆ ಒತ್ತಿ ನಿಂತ. ಹಿಂದೆ ಬಂದ ಏಳೆಂಟು ಸವಾರರೂ ಇಳಿದು ಸಾಲಾಗಿ ನಿಂತರು. ಆಡುಗಳು ಬಂದವು. ಒಂದೊಂದಾಗಿ, ಅವಸರವಿಲ್ಲದೆ, ಒಂದು ಅವನ ಬೂಟು ಮೂಸಿ, ಇನ್ನೊಂದು ಹ್ಯಾಂಡಲಿನ ರಬ್ಬರು ಜಗಿದು ನೋಡಿ. ಹತ್ತು ನಿಮಿಷ, ಹನ್ನೊಂದು, ಹನ್ನೆರಡು ದಾಟಿತು. ಎಲ್ಲಕ್ಕೂ ಹಿಂದೆ, ಮುಂಗಾಲು ಕುಂಟುತ್ತಾ ಅದೇ ಆಡು. ಅದರ ಹೊಟ್ಟೆಗೆ ಒತ್ತಿಕೊಂಡು, ಇನ್ನೂ ಕಾಲು ನೆಟ್ಟಗೆ ನಿಲ್ಲದ ಎರಡು ಮರಿ. ಕೈಗಡಿಯಾರದ ಕಡೆಗೆ ರಾಜೇಂದ್ರ ಮತ್ತೆ ನೋಡಲಿಲ್ಲ.

ಸಣ್ಣತಾಯಮ್ಮ ಕೊನೆಗೆ ಬಂದಳು. ಅವನ ಮುಖ ನೋಡಲಿಲ್ಲ. ಮರಿಗಳು ಬಂಡೆ ಹತ್ತಿ ಆಚೆ ಮರೆಯಾಗುವವರೆಗೆ ನಿಂತಿದ್ದು, ಆಮೇಲೆ ಬಾಯಿಗೆ ವಿಷಲ್ ಇಟ್ಟು ಎರಡು ಸಲ ಊದಿದಳು.

"ರೈಟ್ ರೈಟ್!" ಎಂದು ಕೂಗಿ ರಾಜೇಂದ್ರ ಸೈಕಲ್ ಹತ್ತಿದ. ಇಪ್ಪತ್ತೆರಡು ವರ್ಷದಲ್ಲಿ ಬೇರೆಯವರು ಊದಿದ ವಿಷಲ್ಲಿಗೆ ಅವನು ಹೊರಟದ್ದು ಅದೇ ಮೊದಲು.