ಲೋಕಮ್ಮನ ದೊಡ್ಡಪತ್ರೆ ಕೊಳೆತದ್ದು ಏಕೆ?

ಕುಪ್ಪಗಡ್ಡೆಯ ಲೋಕಮ್ಮನಿಗೆ ಓರಗಿತ್ತಿ ತುಂಗಮ್ಮನ ಹಿತ್ತಿಲು ಕಂಡರೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ. ಅಣ್ಣತಮ್ಮಂದಿರು ಬೇರೆಯಾಗಿ ಒಂದು ಮನೆ ಎರಡಾಗಿತ್ತು. ಹಿತ್ತಿಲ ನಡುವೆ ಒಂದು ಬೇಲಿ ಅಷ್ಟೆ. ಅತ್ತೆ ಹುಚ್ಚಮ್ಮ ಒಂದು ತಿಂಗಳು ಹಿರಿಸೊಸೆ ಲೋಕಮ್ಮನ ಕಡೆ, ಇನ್ನೊಂದು ತಿಂಗಳು ಕಿರಿಸೊಸೆ ತುಂಗಮ್ಮನ ಕಡೆ ಉಣ್ಣುತ್ತಿದ್ದಳು.

ಪುಷ್ಯದ ಚಳಿ. ಲೋಕಮ್ಮನ ಮನೆಯಲ್ಲಿ ಬರೀ ಬೇಳೆಸಾರು. ತುಂಗಮ್ಮನ ಮನೆಯಲ್ಲಾದರೆ ಈ ಚಳಿಯಲ್ಲೂ ಬಸಳೆ ಹುಳಿ, ದೊಡ್ಡಪತ್ರೆ ತಂಬುಳಿ ಇರುತ್ತೆ ಅಂತ ಅತ್ತೆ ಅಂದಳು. ಆ ಮಾತು ಲೋಕಮ್ಮನ ಹೊಟ್ಟೆಯಲ್ಲಿ ಕೆಂಡದ ಹಾಗೆ ಕೂತಿತು.

ಗಿಡ ಅವಳೂ ಇಟ್ಟಿದ್ದಳು. ಓರಗಿತ್ತಿಯ ಕಣ್ಣು ಬೀಳಬಾರದು ಅಂತ ದೊಡ್ಡಪತ್ರೆ ಕುಂಡಗಳನ್ನು ಒಳಗೆ ಭತ್ತದ ಕಣಜದ ಹಿಂದೆ ಬಚ್ಚಿಟ್ಟು, ಬೆಳಿಗ್ಗೆ ಸಂಜೆ ತಂಬಿಗೆ ತುಂಬ ನೀರು ಹಾಕುತ್ತಿದ್ದಳು. ಬುಡ ಕಪ್ಪಾಗಿ ಕೊಳೆಯಿತು. ತುಂಗಮ್ಮ ಏನೋ ಮಾಡಿಸಿದ್ದಾಳೆ ಅಂತ ಗಂಡ ಜಟ್ಟಪ್ಪನ ಹತ್ತಿರ ಹೇಳಿದಳು. ಅವನು ಕಿವಿಗೆ ಹಾಕಿಕೊಳ್ಳಲಿಲ್ಲ.

ಒಂದು ಬೆಳಿಗ್ಗೆ ಅನ್ನ ಬಸಿದ ಕುದಿಯುವ ಗಂಜಿನೀರು ಹಿಡಿದು ಲೋಕಮ್ಮ ಬೇಲಿ ದಾಟಿದಳು. ಬಸಳೆ ಬುಡಕ್ಕೆ ಸುರಿದುಬಿಟ್ಟರೆ ಅತ್ತೆ ಇನ್ನು ಯಾರ ಮನೆ ಹುಳಿ ಹೊಗಳುತ್ತಾಳೋ ನೋಡೋಣ ಅಂತ ಅವಳ ಲೆಕ್ಕ. ಆದರೆ ಚಪ್ಪರದ ಮರೆಯಲ್ಲಿ ತುಂಗಮ್ಮ ಕೂತು ಬುಡಕ್ಕೆ ತರಗೆಲೆ ಹರಡುತ್ತಿದ್ದಳು. ಪಾತ್ರೆಯ ಹಬೆ ನೋಡಿದಳು. ಲೋಕಮ್ಮನ ಮುಖ ನೋಡಿದಳು. ಎಲ್ಲ ತಿಳಿಯಿತು.

"ಅದು ಆರಲಿ, ಅಕ್ಕ," ಅಂದಳು. "ಆರಿದ ಮೇಲೆ ಹಾಕಿದ್ರೆ ಗಿಡಕ್ಕೆ ಒಳ್ಳೇದು."

ಲೋಕಮ್ಮ ಪಾತ್ರೆ ಕೆಳಗಿಟ್ಟಳು. "ನನ್ನ ಗಿಡ ಎಲ್ಲ ಸತ್ತವು. ನಿಂದು ಮಾತ್ರ ಹ್ಯಾಂಗೆ ನಿಂತಿದೆ?"

ಗ್ರಾಮಸೇವಕಿ ರಾಜೇಶ್ವರಮ್ಮ ಮಹಿಳಾ ಸಮಾಜದಲ್ಲಿ ಕಲಿಸಿದ್ದನ್ನು ತುಂಗಮ್ಮ ಹೇಳಿದಳು. ಚಳಿಗಾಲದಲ್ಲಿ ಕುಂಡದ ಗಿಡಕ್ಕೆ ನೀರು ಕಡಿಮೆ ಸಾಕು. ಮಣ್ಣು ಒಣಗಿದ್ದರೆ ಮಾತ್ರ, ಅದೂ ಬಿಸಿಲು ಏರಿದ ಮೇಲೆ ಹಾಕಬೇಕು. ಹಗಲು ಬಿಸಿಲಿಗಿಟ್ಟು, ರಾತ್ರಿ ಇಬ್ಬನಿ ಬೀಳದ ಹಾಗೆ ಸೂರಿನಡಿ ಎಳೆದುಕೊಳ್ಳಬೇಕು.

ನೀರು ಕಡಿಮೆ ಮಾಡಿದರೆ ಗಿಡ ಬದುಕುತ್ತೆ ಅನ್ನೋದನ್ನು ಲೋಕಮ್ಮ ನಂಬಲಿಲ್ಲ. ತುಂಗಮ್ಮ ಅವಳ ಜೊತೆ ಹೋಗಿ ಕಣಜದ ಹಿಂದಿನ ಕುಂಡ ಬೋರಲು ಹಾಕಿದಳು. ಗೊಜ್ಜಿನಂಥ ಕೆಸರು ಬಿತ್ತು, ಬೇರು ಒಂದೂ ಉಳಿದಿರಲಿಲ್ಲ. ಕುಂಡಕ್ಕೆ ಒಣಮಣ್ಣು, ಮರಳು ತುಂಬಿ ತನ್ನ ದೊಡ್ಡಪತ್ರೆಯ ಕಡ್ಡಿ ಮುರಿದು ನೆಟ್ಟುಕೊಟ್ಟಳು.

ಶಿವರಾತ್ರಿ ಹೊತ್ತಿಗೆ ಲೋಕಮ್ಮನ ಮನೆಯಲ್ಲೂ ತಂಬುಳಿ ಆಯಿತು. ಅತ್ತೆ ಹೊಗಳಲಿಲ್ಲ, ಇನ್ನೊಂದು ಸೌಟು ಹಾಕು ಅಂದಳು. ಈಗ ಕುಂಡಗಳನ್ನು ಬಿಸಿಲಿಗಿಡುವವನು ಜಟ್ಟಪ್ಪನೇ. ತುಂಗಮ್ಮನ ಅವರೆ ಮೊದಲು ಹೂ ಬಿಟ್ಟರೆ ಲೋಕಮ್ಮನಿಗೆ ಈಗಲೂ ಉರಿಯುತ್ತದೆ. ಆದರೆ ಏನು ಮಾಡಿದೆ ಅಂತ ಹೋಗಿ ಕೇಳುತ್ತಾಳೆ.

ಅಕ್ಕತಂಗಿಯರೇ, ದೊಡ್ಡಪತ್ರೆ, ಬಸಳೆ, ಹರಿವೆ ನಮ್ಮ ಮಣ್ಣಿಗೆ ಒಗ್ಗಿದ ಗಿಡಗಳು, ಹೆಚ್ಚು ಆರೈಕೆ ಕೇಳುವುದಿಲ್ಲ. ನಾಳೆ ತಂಬಿಗೆ ಎತ್ತುವ ಮೊದಲು ಮಣ್ಣಿಗೆ ಬೆರಳು ಹಾಕಿ ನೋಡಿ. ಪಕ್ಕದ ಮನೆಯ ಹಿತ್ತಿಲು ನಿಮ್ಮದಕ್ಕಿಂತ ಹಸಿರಾಗಿದ್ದರೆ ಹೋಗಿ ಒಂದು ಕಡ್ಡಿ ಕೇಳಿ. ಯಾರೂ ಇಲ್ಲ ಅನ್ನುವುದಿಲ್ಲ.